ಒಂಬತ್ತನೇ ನಂಬರಿನ ಬಲಪ್ರಸಾದ

ಬ್ರಾಜಿಲ್ ದೇಶದಲ್ಲಿ ಒಬ್ಬ ಮನುಷ್ಯ ತನ್ನ ಮನೆಯ ಜಗಲಿಯಲ್ಲಿ ಸೂಟ್‌ಕೇಸ್ ಇಟ್ಟು ಅದರ ಫೋಟೋ ತೆಗೆದ. ಅದನ್ನು ಮೊಬೈಲಿನಲ್ಲಿ ಲೋಕಕ್ಕೆಲ್ಲ ತೋರಿಸಿದ. ಅವನು ಮಾಡಿದ್ದು ಇಷ್ಟೇ. ಆದರೆ ಅದರಿಂದ ಅಂಕೋಲೆಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಗಿರಿಧರ ಟೇಲರನ ಬಾಯೊಳಗಿದ್ದ ಅವಲಕ್ಕಿ ಗಂಟಲಲ್ಲೇ ನಿಂತಿತು.

"ಗಿರಿಯಣ್ಣಾ, ಮಶೀನ್ ನಿಲ್ಸು!" ಎನ್ನುತ್ತ ಸಂದೇಶ ಅಂಗಡಿಯೊಳಗೆ ನುಗ್ಗಿದ. ಮುಚ್ಚಲು ಮರೆತ ಕೊಡೆ ಬಾಗಿಲಿಗೆ ಸಿಕ್ಕಿ ಬೋರಲು ಮಗುಚಿತು. "ರೊಜಾರಿಯೊ ಹೊರಟ!"

"ಎಲ್ಲಿಗೆ?"

"ಅದು ಗೊತ್ತಿದ್ರೆ ನಾನು ಇಲ್ಲಿ ಇರ್ತಿದ್ನಾ ಮಾರಾಯಾ? ಸೂಟ್‌ಕೇಸ್ ಹಾಕಿದಾನೆ ನೋಡು. ಬರೇ ಸೂಟ್‌ಕೇಸ್. ಕೆಳಗೆ ಒಂದು ಅಕ್ಷರ ಇಲ್ಲ. ಇದಕ್ಕೆ ಅರ್ಥ ಎಂತ?"

"ಬಟ್ಟೆ ತುಂಬಿದಾನೆ ಅಂತ."

ಸಂದೇಶ ಅವನನ್ನು ಕರುಣೆಯಿಂದ ನೋಡಿದ. ಗಿರಿಧರನ ತಲೆಯ ಮೇಲೆ, ಅಂಗಡಿಯ ಈ ಗೋಡೆಯಿಂದ ಆ ಗೋಡೆಯವರೆಗೆ ಕಟ್ಟಿದ ಹಗ್ಗದಲ್ಲಿ, ಗಿಳಿಹಸಿರು ಅಂಗಿಗಳು ನೇತಾಡುತ್ತಿದ್ದವು. ಪ್ರತಿಯೊಂದರ ಬೆನ್ನ ಮೇಲೂ ದೊಡ್ಡದಾಗಿ 9. ಅದರ ಮೇಲೆ ಅಚ್ಚಗನ್ನಡದಲ್ಲಿ 'ರೊಜಾರಿಯೊ'.

ರೊಜಾರಿಯೊ ಎಂದರೆ ಗೋವಾದ ಮಾಂಡವಿ ಫುಟ್‌ಬಾಲ್ ಕ್ಲಬ್ಬಿನ ಗೋಲು ಹೊಡೆಯುವ ಆಟಗಾರ. ಕಾರವಾರ, ಅಂಕೋಲೆ ಕಡೆಯ ಜನಕ್ಕೆ ಗೋವಾ ಎಂದರೆ ಹಿತ್ತಿಲ ಬೇಲಿಯ ಆಚೆಯ ಮನೆ. ಅಲ್ಲಿ ಒಗ್ಗರಣೆ ಹಾಕಿದರೆ ಇಲ್ಲಿ ಸೀನು ಬರುತ್ತದೆ. ಹಾಗಾಗಿ ಆ ತಂಡವೂ ನಮ್ಮದೇ. ಹೋದ ಚೌತಿಯಲ್ಲಿ ಕಾರವಾರದ ಅಭಿಮಾನಿಗಳು ಒಂದೇ ಬಣ್ಣದ ಅಂಗಿ ತೊಟ್ಟು ಅಂಕೋಲೆಯ ಗಣಪತಿ ನೋಡಲು ಬಂದಿದ್ದರು. ನೋಡಿ ಹೋಗಿದ್ದರೆ ಅಡ್ಡಿ ಇರಲಿಲ್ಲ. "ನಿಮ್ಮೂರಲ್ಲಿ ಟೇಲರ್ ಇಲ್ವಾ?" ಎಂದು ಕೇಳಿ ಹೋದರು. ಆ ಮಾತು ಅಂಕೋಲಾ ಅಭಿಮಾನಿ ಬಳಗದ ಎದೆಯಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಈ ಸಲದ ಚೌತಿಗೆ ಬಳಗದ ಎಲ್ಲರಿಗೂ ಅಂಗಿ ಹೊಲಿಯುವ ಕೆಲಸ ಗಿರಿಧರನಿಗೆ ಬಂದದ್ದು ಹೀಗೆ. ಮರುದಿನ ಭಾನುವಾರ, ಬಳಗದ ಸಭೆಯಲ್ಲಿ ಅಂಗಿ ಹಂಚುವುದೆಂದು ಗೊತ್ತಾಗಿತ್ತು. ಮುಂಗಡವೆಂದು ಬಂದದ್ದು ಅಧ್ಯಕ್ಷರ ಮಾತೊಂದೇ.

ಈ ಕೆಲಸಕ್ಕಾಗಿ ಗಿರಿಧರ ಶಾಲೆಯ ಯುನಿಫಾರಂ ಹೊಲಿಗೆಯನ್ನು ಬಿಟ್ಟುಕೊಟ್ಟಿದ್ದ. ಅಕ್ಷರ ಅಂಟಿಸಲು ಹುಬ್ಬಳ್ಳಿಯಿಂದ ಒಂದು ಪ್ರಿಂಟಿಂಗ್ ಮಶೀನು ತಂದು ಅಂಗಡಿಯ ಅರ್ಧ ಜಾಗ ಅದಕ್ಕೇ ಕೊಟ್ಟಿದ್ದ. ಉಳಿದರ್ಧದಲ್ಲಿ ಅವನ ಹೆಂಡತಿ ಯೋಗಿತಾ ರವಿಕೆ ಹೊಲಿಯುತ್ತಿದ್ದಳು, ಮೊಣಕೈಯನ್ನು ಹೊಟ್ಟೆಗೆ ಒತ್ತಿಕೊಂಡು, ಏಕೆಂದರೆ ಚಾಚಿದರೆ ಮಶೀನಿಗೆ ತಾಗಿ ಸುಡುತ್ತಿತ್ತು. ಅವಳು ಒಂದೇ ಮಾತು ಹೇಳಿದ್ದಳು:

"ಈ ಅಂಗಿ ಎಲ್ಲಾ ಹೋದ್ರೆ ಮಶೀನ್ ಇರ್ಲಿ. ಹೋಗದಿದ್ರೆ ಅದು ಹೊರಗೆ, ಆ ಜಾಗಕ್ಕೆ ನನ್ನ ಜಿಗ್‌ಜಾಗ್ ಮಶೀನ್ ಒಳಗೆ. ನೀವು ಮತ್ತೆ ಶಾಲೆಯ ಚಡ್ಡಿಗೆ."

ಚಡ್ಡಿಗೆ ಮರಳುವುದೆಂದರೆ ಗಿರಿಧರನಿಗೆ ಜೀವ ಹೋದಂತೆ. ಪ್ರಿಂಟಿಂಗ್ ಮಶೀನು ಬಂದ ದಿನ ಅವನು ಅಂಗಡಿಯ ಬೋರ್ಡಿನಲ್ಲಿ 'ಟೇಲರ್' ಎಂಬುದನ್ನು ಅಳಿಸಿ 'ಸ್ಪೋರ್ಟ್ಸ್ ವೇರ್' ಎಂದು ಬರೆಸಿದ್ದ.

ಸಂದೇಶನ ಹಿಂದೆಯೇ ಅಧ್ಯಕ್ಷ ಮಧುಕೇಶ್ವರ ಹೆಗಡೇರು ಬಂದರು. ಅವರ ಹಿಂದೆ ಏಳೆಂಟು ಜನ. ಆಷಾಢದ ಮಳೆ ಧೋ ಎನ್ನುತ್ತಿತ್ತು. ಈ ತಿಂಗಳಲ್ಲಿ ಬೋಟು ಕಡಲಿಗೆ ಇಳಿಯುವಂತಿಲ್ಲ, ಚೆಂಡು ಮೈದಾನಕ್ಕೆ ಇಳಿಯುವುದಿಲ್ಲ. ಮೀನಿಗೂ ರಜೆ, ಫುಟ್‌ಬಾಲಿಗೂ ರಜೆ. ಬಿಡುವಿಲ್ಲದೆ ದುಡಿಯುವುದು ಬಾಯಿ ಮಾತ್ರ. ಯಾವ ಆಟಗಾರನನ್ನು ಇಟ್ಟುಕೊಳ್ಳಬೇಕು, ಯಾರನ್ನು ಮಾರಬೇಕು ಎಂದು ಗೋವಾದಲ್ಲಿ ಕ್ಲಬ್ಬಿನವರು ಯೋಚಿಸುವ ಮೊದಲೇ ಅಂಕೋಲೆಯ ಚಾ ಅಂಗಡಿಗಳಲ್ಲಿ ತೀರ್ಮಾನ ಆಗಿಬಿಡುತ್ತಿತ್ತು.

ಹೆಗಡೇರು ಬ್ಯಾಂಕಿನಲ್ಲಿ ಮ್ಯಾನೇಜರರಾಗಿ ನಿವೃತ್ತರಾದವರು. ಸಣ್ಣವರಿದ್ದಾಗ ಒಮ್ಮೆ ಚೆಂಡೆಂದು ತೆಂಗಿನಕಾಯಿ ಒದ್ದು ಹೆಬ್ಬೆರಳ ಉಗುರು ಕಳೆದುಕೊಂಡಿದ್ದರು. ಆವತ್ತಿನಿಂದ ಆಟವನ್ನು ದೂರದಿಂದಲೇ ಪ್ರೀತಿಸುತ್ತ ಬಂದಿದ್ದಾರೆ. ತಮ್ಮ ಮನೆಯ ಮಾಡಿನ ಹಂಚು ಬದಲಿಸಬೇಕೋ ಬೇಡವೋ ಎಂದು ಮೂರು ಮಳೆಗಾಲ ಯೋಚಿಸಿ ಇನ್ನೂ ಬಾಲ್ದಿ ಇಡುತ್ತಿರುವ ಅವರು, ಗಿರಿಧರನ ಸ್ಟೂಲಿನ ಮೇಲೆ ಕುಳಿತ ಐದೇ ನಿಮಿಷದಲ್ಲಿ ತಂಡದ ಗೋಲ್‌ಕೀಪರನನ್ನು ಬದಲಿಸಿದರು.

"ಆ ಎಡಗಡೆ ಬ್ಯಾಕ್‌ನನ್ನೂ ತೆಗೆದು ಹಾಕಿ," ಎಂದರು. "ಓಡುವಾಗ ಅವನ ಸೊಂಟ ನೋಡಿದ್ರಾ? ಮುದುಕ."

"ಅವಂಗೆ ಇಪ್ಪತ್ತೆರಡು ವರ್ಷ ಹೆಗಡೇರೆ."

"ಸೊಂಟಕ್ಕೆ ಎಷ್ಟು ಅಂತ ಯಾರಾದ್ರೂ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಎಡಗಡೆ ಬ್ಯಾಕ್ ಹೋದ. ಅವನ ಹಿಂದೆ ನಡುವಿನ ಇಬ್ಬರು ಹೋದರು. ಒಬ್ಬ ಜಪಾನಿ ಬಂದ, ಸಂಬಳ ಜಾಸ್ತಿ ಆಯಿತೆಂದು ಅವನನ್ನು ಬಾಗಿಲಿನಿಂದಲೇ ವಾಪಸು ಕಳಿಸಿದರು. ಕೊನೆಗೆ ಹೆಗಡೇರು ಸಂದೇಶನ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಆ ಸೂಟ್‌ಕೇಸನ್ನು ಪೊಲೀಸರು ಹೆಣ ನೋಡುವ ಹಾಗೆ ನೋಡಿದರು.

"ಹೋಗುವವನೇ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಇದ್ದವ ನಾನು. ಓಡಿ ಹೋಗುವವನ ಬ್ಯಾಗು ನನಗೆ ಗೊತ್ತಾಗ್ತದೆ. ಗಿರಿಧರಾ, ಅಕ್ಷರ ಕಿತ್ತು ಹಾಕು. ಮಣಿಪುರದ ಆ ಹೊಸ ಹುಡುಗ ಬರ್ತಾನಲ್ಲ, ಲಾಲಾ, ಅವನ ಹೆಸರು ಅಂಟಿಸು. ಎರಡೇ ಅಕ್ಷರ, ನಿನಗೂ ಉಳಿತಾಯ."

"ಹೆಗಡೇರೆ, ಅಂಟಿಸಿದ್ದು ಕೀಳೂಕೆ ಬರೂದಿಲ್ಲ. ಬಟ್ಟೆ ಹಾಳಾಗ್ತದೆ."

"ಓಡಿಹೋದವನ ಹೆಸರು ಬೆನ್ನ ಮೇಲೆ ಹೊತ್ಕೊಂಡು ಚೌತಿಯಲ್ಲಿ ಕಾರವಾರದವರ ಎದುರು ನಿಲ್ಲೂದಾ? ಅದರ ಬದಲು ಬರಿ ಮೈಯಲ್ಲಿ ನಿಲ್ತೇವೆ. ನಿನ್ನ ಅಂಗಿ ನಿನ್ನ ಹತ್ರವೇ ಇರ್ಲಿ."

ಗಿರಿಧರ ಹೆಂಡತಿಯ ಕಡೆ ನೋಡಿದ. ಯೋಗಿತಾ ಅವನ ಕಡೆ ನೋಡಲಿಲ್ಲ. ಪ್ರಿಂಟಿಂಗ್ ಮಶೀನಿನ ಉದ್ದ ಎಷ್ಟಿದೆ ಎಂದು ಕಣ್ಣಲ್ಲೇ ಅಳೆಯುತ್ತಿದ್ದಳು.

ಅವನು ಒಂದು ಅಂಗಿಯನ್ನು ಹಗ್ಗದಿಂದ ಇಳಿಸಿ, ಇಸ್ತ್ರಿಪೆಟ್ಟಿಗೆ ಕಾಯಿಸಿ, ಕಾಗದ ಇಟ್ಟು ಒತ್ತಿ, ಉಗುರಿನಿಂದ ಕೀಳತೊಡಗಿದ. 'ರೊ' ಬಂತು. ಕೊನೆಯ 'ಯೊ' ಬಂತು, ಜೊತೆಗೆ ಚೂರು ಬಟ್ಟೆಯನ್ನೂ ತಂದಿತು. ನಡುವಿನ ಎರಡು ಅಕ್ಷರ ಮಾತ್ರ ಏನು ಮಾಡಿದರೂ ಜಗ್ಗಲಿಲ್ಲ. ಈಗ ಅಂಗಿಯ ಬೆನ್ನ ಮೇಲೆ 'ಜಾರಿ' ಎಂದಷ್ಟೇ ಉಳಿಯಿತು.

"ಇದನ್ನು ಯಾರು ಹಾಕ್ತರು?" ಎಂದ ಗಿರಿಧರ, ಅಳುವ ದನಿಯಲ್ಲಿ.

ಅಷ್ಟರಲ್ಲಿ ಹೊರಗಿನಿಂದ ಕೂಗು ಬಂತು. "ಮುಟ್ಬೇಡ! ಯಾರಾದ್ರೂ ಆ ಅಂಗಿ ಮುಟ್ಟಿದ್ರೆ ನೋಡು!"

ಕಿಶನ ಬಂದಿದ್ದ. ಕಿಶನನ ಬೋಟು ಬೈತಖೋಲ ಬಂದರಿನಲ್ಲಿ ತಾಡಪಾಲು ಹೊದ್ದು ಮಲಗಿತ್ತು, ಅವನು ಎರಡು ತಿಂಗಳಿಂದ ರೊಜಾರಿಯೊನ ಪರವಾಗಿ ಎಚ್ಚರವಿದ್ದ. ರೊಜಾರಿಯೊ ಮೂಲದಲ್ಲಿ ನಮ್ಮ ಮಾಜಾಳಿ ಕಡೆಯವನೇ, ಅವನ ಮುತ್ತಜ್ಜನನ್ನು ಪೋರ್ತುಗೀಜರು ಹಡಗಿನಲ್ಲಿ ಹಾಕಿಕೊಂಡು ಹೋದರು ಎಂಬುದು ಕಿಶನನ ನಂಬಿಕೆ. ಇದಕ್ಕೆ ಆಧಾರ ರೊಜಾರಿಯೊನ ಮೂಗು.

"ನನ್ನ ಭಾವ ಮಡಗಾಂವದಲ್ಲಿ ಪೇಂಟರ್. ಈಗ ಫೋನ್ ಬಂತು," ಎಂದ ಕಿಶನ ಏದುಸಿರಲ್ಲಿ. "ರೊಜಾರಿಯೊ ಬಾಡಿಗೆಗೆ ಇದ್ದ ಮನೆಗೆ ಬಣ್ಣ ಹೊಡೀತಾ ಇದಾರೆ! ಹೋಗುವವಂಗೆ ಯಾರಾದ್ರೂ ಬಣ್ಣ ಹೊಡಿಸ್ತರಾ?"

"ಅರೇ, ಬಾಡಿಗೆಯವ ಹೋದ ಮೇಲೇ ಅಲ್ವಾ ಬಣ್ಣ ಹೊಡಿಸೂದು?" ಎಂದರು ಹೆಗಡೇರು.

"ಇಂವ ಬರ್ತ ಹೇಳಿಯೇ ಹೊಡಿಸೂದು!"

"ಹೋದ ಹೇಳಿ ಹೊಡಿಸೂದು!"

"ಹೆಗಡೇರೆ, ನಿಮ್ಮನೆಗೆ ಬಣ್ಣ ಹೊಡಿಸಿ ಎಷ್ಟು ವರ್ಷ ಆಯ್ತು? ನಿಮಗೆಂತ ಗೊತ್ತು ಬಣ್ಣದ ಸುದ್ದಿ?"

ಮಾತು ರೊಜಾರಿಯೊನ ಮನೆಯ ಗೋಡೆಯನ್ನು ಬಿಟ್ಟು ಹೆಗಡೇರ ಮನೆಯ ಗೋಡೆಗೆ ಬಂತು. ಅಲ್ಲಿಂದ ಹೋದ ವರ್ಷ ಬಳಗದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಯಾರು ಹಿಡಿದಿದ್ದರು ಎಂಬಲ್ಲಿಗೆ ಹೋಯಿತು. ಅರ್ಧ ಜನ ಹೆಗಡೇರ ಹಿಂದೆ, ಅರ್ಧ ಜನ ಕಿಶನನ ಹಿಂದೆ ನಿಂತರು. ಒಬ್ಬ ಅಂಗಿಯ ಬಲತೋಳು ಹಿಡಿದು "ಕೀಳು" ಎಂದ. ಇನ್ನೊಬ್ಬ ಎಡತೋಳು ಹಿಡಿದು "ಬಿಡು" ಎಂದ. ನಡುವೆ ಗಿರಿಧರ ಹಗ್ಗಜಗ್ಗಾಟದ ಕರವಸ್ತ್ರದಂತೆ ಆಚೆಗೂ ಈಚೆಗೂ ಓಲಾಡಿದ.

ಯೋಗಿತಾ ಕತ್ತರಿಯನ್ನು ಮೇಜಿನ ಮೇಲೆ ಟಣ್ಣೆಂದು ಇಟ್ಟಳು.

"ಇಲ್ಲಿ ಕೂಗಾಡಿದ್ರೆ ಬ್ರಾಜಿಲಿಗೆ ಕೇಳ್ತದಾ? ಯಾರಿಗೆ ಗೊತ್ತೋ ಅವರ ಹತ್ರ ಹೋಗಿ ಕೇಳಿ."

"ಯಾರಿಗೆ ಗೊತ್ತು?" ಎಂದ ಸಂದೇಶ.

ಕಿಶನನ ಮುಖ ಬೆಳಗಿತು. "ಜಟಗಂಗೆ ಗೊತ್ತು!"

ಮಂಜಗುಣಿ ರಸ್ತೆಯ ಪಕ್ಕ, ಗದ್ದೆಯ ಏರಿಯ ಮೇಲೆ ಜಟಗನ ಗುಡಿ. ಆ ಸುತ್ತಿನ ಜನ ಅವನನ್ನು ಕೇಳದೆ ಬಾವಿ ತೋಡುವುದಿಲ್ಲ, ಸಂಬಂಧ ಕುದುರಿಸುವುದಿಲ್ಲ, ಬೋಟು ನೀರಿಗೆ ಇಳಿಸುವುದಿಲ್ಲ. ಪೂಜೆ ಮಾಡುವ ನಾಗ ಗುನಗ ಸಿಂಗಾರದ, ಅಂದರೆ ಅಡಿಕೆ ಹೂವಿನ, ಎಸಳನ್ನು ನೀರಲ್ಲಿ ಅದ್ದಿ ದೇವರ ಎರಡು ಭುಜಕ್ಕೂ ಅಂಟಿಸಿ ಪ್ರಶ್ನೆ ಕೇಳುತ್ತಾನೆ. ಬಲಗಡೆಯ ಎಸಳು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಮೇಲ್ಮನವಿ ಇಲ್ಲ.

"ಫುಟ್‌ಬಾಲಿಗೂ ದೇವರಿಗೂ ಎಂತ ಸಂಬಂಧ?" ಎಂದರು ಹೆಗಡೇರು. "ನಾವು ವಿದ್ಯಾವಂತರು. ಆಟವನ್ನು ಅಂಕಿ-ಅಂಶದಿಂದ ನೋಡಬೇಕು." ಒಂದು ಕ್ಷಣ ಬಿಟ್ಟು, "ಗುಡಿ ಬಾಗಿಲು ಎಷ್ಟು ಹೊತ್ತಿಗೆ ಹಾಕ್ತಾರೆ?" ಎಂದು ಕೇಳಿದರು.

ಮೂರು ರಿಕ್ಷಾದಲ್ಲಿ ಬಳಗ ಹೊರಟಿತು. ಗಿರಿಧರ ಕೊನೆಯ ರಿಕ್ಷಾದಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಕುಳಿತಿದ್ದ. ಮಳೆ ಅವನ ಹೊರಗಿನ ಅರ್ಧವನ್ನು ತೊಳೆದು ಹಾಕಿತು.

ನಾಗ ಗುನಗ ಗುಡಿಯ ಕಟ್ಟೆಯ ಮೇಲೆ ಕುಳಿತು ಎಲೆಯಡಿಕೆಯ ಕವಳ ಹಾಕುತ್ತಿದ್ದ. ಇಷ್ಟು ಜನ ಒಟ್ಟಿಗೆ ಬಂದದ್ದು ನೋಡಿ ಯಾರೋ ಬಾವಿಗೆ ಬಿದ್ದರೆಂದೇ ತಿಳಿದ.

"ಯಾರ ಸುದ್ದಿ?"

"ರೊಜಾರಿಯೊ ಹೇಳಿ ಒಬ್ಬಂವ," ಎಂದ ಕಿಶನ.

"ಕಿರಿಸ್ತಾಂವನಾ?"

"ಹೌದು ನಾಗಣ್ಣ. ಅಡ್ಡಿ ಇದೆಯಾ?"

"ಎಂತ ಅಡ್ಡಿ? ಬೋಟಿನ ಇಂಜಿನ್ನಿಗೂ ಪ್ರಸಾದ ಕೇಳ್ತೆ ನಾನು. ಅದಕ್ಕೆ ಯಾವ ಜಾತಿ? ಎಲ್ಲಿಂವ?"

"ಬ್ರಾಜಿಲ್."

ನಾಗ ತಲೆ ತುರಿಸಿದ. "ನಮ್ಮ ಜಟಗನ ಸೀಮೆ ಗಂಗಾವಳಿ ಹೊಳೆ ತನಕ. ಅದರಿಂದ ಆಚಿನ ಸುದ್ದಿ ಆದ್ರೆ ಹೇಳೂಕೆ ಸ್ವಲ್ಪ ಹೊತ್ತು ಹಿಡೀತದೆ. ಅಡ್ಡಿಲ್ಲ. ಗರಜು ಯಾರದ್ದು? ಗರಜು ಇದ್ದವನೇ ಕೇಳ್ಬೇಕು, ಕಾಯಿ ಅವನೇ ತರ್ಬೇಕು."

ಬೆಳಿಗ್ಗೆಯಿಂದ ಮೊದಲ ಬಾರಿಗೆ ಎರಡೂ ಪಂಗಡ ಒಂದಾಯಿತು. ಎಲ್ಲರ ಬೆರಳೂ ಗಿರಿಧರನ ಕಡೆ ತಿರುಗಿತು.

ಕಾಯಿ ಬಂತು. "ಪ್ರಶ್ನೆ ನೆಟ್ಟಗಿರ್ಲಿ," ಎಂದ ನಾಗ. "ದೇವರು ಕೇಳಿದ್ದಕ್ಕೆ ಮಾತ್ರ ಹೇಳ್ತ. ನಿಮ್ಮ ಮನಸ್ಸಲ್ಲಿ ಇದ್ದದ್ದಕ್ಕೆಲ್ಲ ಹೇಳೂಕೆ ಅಂವ ನಿಮ್ಮ ಅಜ್ಜಿ ಅಲ್ಲ."

ಪ್ರಶ್ನೆ ನೆಟ್ಟಗೆ ಮಾಡಲು ಹೆಗಡೇರು ಮುಂದೆ ಬಂದರು. 'ಉಭಯತ್ರರ ಸಮ್ಮತಿಯ ಮೇರೆಗೆ ಸದರಿ ಆಟಗಾರನು' ಎಂದು ಶುರು ಮಾಡಿದ್ದನ್ನು ನಾಗ ಅರ್ಧಕ್ಕೇ ನಿಲ್ಲಿಸಿದ. ಕೊನೆಗೆ ಗಿರಿಧರ ಒದ್ದೆ ಅಂಗಿಯಲ್ಲಿ ನಡುಗುತ್ತ ಕೈಮುಗಿದು ಕೇಳಿದ: "ಜಟಗಪ್ಪಾ, ರೊಜಾರಿಯೊ ಮಾಂಡವಿ ಕ್ಲಬ್ಬು ಬಿಟ್ಟು ಹೋಗೂದಿಲ್ಲ ಅಂತಾದ್ರೆ ಬಲ ಕೊಡು. ಹೋಗ್ತ ಅಂತಾದ್ರೆ ಎಡ ಕೊಡು."

ಎಸಳು ಅಂಟಿಸಿಯಾಯಿತು. ಹೊರಗೆ ಮಳೆ, ಒಳಗೆ ಎಣ್ಣೆದೀಪದ ಹೊಗೆ. ದೇವರು ಬ್ರಾಜಿಲಿಗೆ ಹೋಗಿ ಬರುವಷ್ಟು ಹೊತ್ತು ಏನೂ ಆಗಲಿಲ್ಲ. ಒಂದು ಹಲ್ಲಿ ದೇವರ ಕಿವಿಯ ಹತ್ತಿರ ಬಂದು ನಿಂತಾಗ ಕಿಶನ ಅದಕ್ಕೂ ಕೈಮುಗಿದ. ಸಂದೇಶ ಮೊಬೈಲು ಎತ್ತಿ ವಿಡಿಯೋ ಮಾಡುತ್ತಿದ್ದ. ಎಡಗಡೆಯ ಎಸಳು ಒಮ್ಮೆ ಕದಲಿತು. ಹೆಗಡೇರ ಮುಖ ಅರಳಿತು. ಅದು ಅಲ್ಲೇ ನಿಂತಿತು. ಟಪ್ಪೆಂದು ಬಲಗಡೆಯದು ಬಿತ್ತು.

"ಬಲಪ್ರಸಾದ!" ಕಿಶನ ಕುಣಿದ ರಭಸಕ್ಕೆ ಗಂಟೆ ತಾನಾಗಿ ಹೊಡೆದುಕೊಂಡಿತು. "ನಾ ಎಂತ ಹೇಳಿದ್ದೆ?"

"ತಡಿ, ತಡಿ," ಎಂದರು ಹೆಗಡೇರು. "ಗಾಳಿ ಬಂದಿತ್ತು. ಸಂದೇಶಾ, ಆ ವಿಡಿಯೋ ನಿಧಾನಕ್ಕೆ ಓಡಿಸು. ಎಡಗಡೆಯದು ಮೊದಲು ಅಲ್ಲಾಡಿದ್ದು ನಾನು ಕಂಡಿದ್ದೇನೆ."

ಗುಡಿಯ ಮುಂದೆ ಹತ್ತು ತಲೆಗಳು ಒಂದು ಮೊಬೈಲಿಗೆ ಬಾಗಿದವು. ಎಸಳು ನಿಧಾನವಾಗಿ ಬಿತ್ತು. ಮತ್ತೊಮ್ಮೆ ಇನ್ನೂ ನಿಧಾನವಾಗಿ ಬಿತ್ತು. ನಾಲ್ಕನೇ ಬಾರಿಗೂ ಬಲಕ್ಕೇ ಬಿತ್ತು.

"ಮತ್ತೊಂದು ಸಲ ದೇವರನ್ನೇ ಕೇಳಿದ್ರೆ?" ಎಂದರು ಹೆಗಡೇರು.

"ಒಂದೇ ಪ್ರಶ್ನೆ ಎರಡು ಸಲ ಕೇಳೂಕಿಲ್ಲ," ಎಂದ ನಾಗ. "ಬೇರೆ ಪ್ರಶ್ನೆ ಇದ್ರೆ ಬನ್ನಿ. ಕಾಯಿ ತಕಂಡು ಬನ್ನಿ."

ಬಿದ್ದ ಎಸಳನ್ನು ಕಿವಿಗೆ ಸಿಕ್ಕಿಸಿಕೊಂಡು ಗಿರಿಧರ ಅಂಗಡಿಗೆ ಮರಳಿದಾಗ ಅವನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ತೊಯ್ದ ಅಂಗಿ ಕಳಚಿ, ಕೈಗೆ ಸಿಕ್ಕಿದ 'ಜಾರಿ' ಅಂಗಿಯನ್ನೇ ತೊಟ್ಟುಕೊಂಡ. ಹೇಗೂ ಅದು ಹಾಳಾದದ್ದೇ. ಹೆಚ್ಚಿಗೆಂದು ಹೊಲಿದು ಹೆಸರಿಲ್ಲದೆ ಮಡಚಿಟ್ಟಿದ್ದ ಅಂಗಿಗಳನ್ನೆಲ್ಲ ಮಶೀನಿಗೆ ಹಾಕಿ ರೊಜಾರಿಯೊನ ಹೆಸರು ಅಂಟಿಸತೊಡಗಿದ. ಹೆಗಡೇರು ದೇವರ ತೀರ್ಪಿಗೆ ತಲೆಬಾಗಿ, "ಊರಿಂದ ಬರುವ ಅಳಿಯನಿಗೂ ಒಂದು" ಎಂದು ಹೇಳಿ ಹೋಗಿದ್ದರು. ಅದನ್ನು ನೋಡಿ ಉಳಿದವರೂ ಭಾವ, ಷಡ್ಡಕ, ಬಾಡಿಗೆಯವ ಎಂದು ಒಂದೊಂದು ಸೇರಿಸಿದ್ದರು.

"ಈಗಾದ್ರೂ ನಂಬ್ತ್ಯಾ?" ಎಂದ ಗಿರಿಧರ ಹೆಂಡತಿಗೆ. "ದೇವರೇ ಹೇಳಿದಾನೆ. ಅಂವ ಕ್ಲಬ್ಬು ಬಿಡೂದಿಲ್ಲ."

ಯೋಗಿತಾ ಸೂಜಿಗೆ ದಾರ ಪೋಣಿಸುತ್ತ ಹೇಳಿದಳು: "ಅಂವ ಕ್ಲಬ್ಬು ಬಿಟ್ರೆ ನಮಗೆಂತ, ಬಿಡದಿದ್ರೆ ನಮಗೆಂತ? ಅಂಗಿ ತಕಂಡು ಹೋಗ್ತರೋ ಇಲ್ವೋ ಅಂತ ಕೇಳ್ಬೇಕಾಗಿತ್ತು ನೀವು."

"ಹೆಂಗಸರಿಗೆ ಫುಟ್‌ಬಾಲ್ ತಿಳೀದಿಲ್ಲ," ಎಂದ ಗಿರಿಧರ. ಅವನಿಗೂ ತಿಳಿಯುತ್ತಿರಲಿಲ್ಲ.

ಸಂಜೆ ಚಾ ಹೊತ್ತಿಗೆ ಕೊನೆಯ ಅಂಗಿ ಮಶೀನಿನಿಂದ ಹೊರಬಂತು. ಅದೇ ಹೊತ್ತಿಗೆ ಸಂದೇಶನ ಮೊಬೈಲು ಕಿರುಗುಟ್ಟಿತು. ಯಾರೂ ನಿರೀಕ್ಷಿಸದಿರುವಾಗ ಕ್ಲಬ್ಬಿನವರು ಪ್ರಕಟಣೆ ಹೊರಡಿಸಿದ್ದರು. ಸಂದೇಶ ಬಳಗವನ್ನೆಲ್ಲ ಫೋನು ಮಾಡಿ ಅಂಗಡಿಗೇ ಕರೆಸಿದ. ಸ್ಟೂಲಿನ ಮೇಲೆ ನಿಂತು ದೊಡ್ಡಕ್ಕೆ ಓದಿದ.

"ನಮ್ಮ ನೆಚ್ಚಿನ ರೊಜಾರಿಯೊ ಮುಂದಿನ ಮೂರು ವರ್ಷ ಕ್ಲಬ್ಬಿನಲ್ಲೇ ಮುಂದುವರಿಯಲಿದ್ದಾರೆ!"

ಅಂಗಡಿಯ ಹಂಚು ಹಾರಿಹೋಗುವಂತೆ ಕೂಗೆದ್ದಿತು. ಕಿಶನ ಹೆಗಡೇರನ್ನು ಅಪ್ಪಿಕೊಂಡ. ಹೆಗಡೇರು "ನಾನು ಮೊದಲಿಂದ ಹೇಳ್ತಾ ಇದ್ದೆ, ಆ ಸೂಟ್‌ಕೇಸ್ ಬಹಳ ಸಣ್ಣದಿತ್ತು" ಎಂದರು. ಗಿರಿಧರ ಮಶೀನಿನ ಬೆನ್ನು ತಟ್ಟಿ ಹೆಂಡತಿಯ ಕಡೆ ಹುಬ್ಬು ಹಾರಿಸಿದ. ಬೆಳಿಗ್ಗೆಯಿಂದ ಅವನು ನಕ್ಕದ್ದು ಇದೇ ಮೊದಲು. ಬಹಳ ಹೊತ್ತು ನಗಲಿಕ್ಕೂ ಆಗಲಿಲ್ಲ.

"ತಡೀರಿ," ಎಂದ ಸಂದೇಶ. "ಕೆಳಗೆ ಇನ್ನೂ ಇದೆ." ಅವನ ದನಿ ಕೆಳಗಿಳಿಯಿತು. "ಕ್ಲಬ್ಬನ್ನು ಗುಜರಾತಿನ ಕಂಪನಿಯೊ‌ಂದು ಕೊಂಡಿದೆ. ಮುಂದಿನ ಸೀಜನ್ನಿನಿಂದ ಆಟಗಾರರೆಲ್ಲರೂ ಸೇರಿ ಕ್ಲಬ್ಬು ಅಲ್ಲಿಗೆ ಹೋಗ್ತದೆ. ಹೆಸರು ಹೊಸದು. ಬಣ್ಣ ನೇರಳೆ."

ಮೀನು ಪೇಟೆಯಲ್ಲಿ ಇಸೋಣ ಮೀನಿನ ದರ ಕೇಳಿದ ಮೇಲೆ ಚೀಲ ಹಿಡಿದ ಕೈ ಇಳಿಯುವಂತೆ, ಮೇಲೆತ್ತಿದ ಕೈಗಳೆಲ್ಲ ಇಳಿದವು.

ಜಟಗನ ಮಾತು ಸುಳ್ಳಾಗಿರಲಿಲ್ಲ. ರೊಜಾರಿಯೊ ಕ್ಲಬ್ಬನ್ನು ಬಿಟ್ಟಿರಲಿಲ್ಲ. ಕ್ಲಬ್ಬೇ ಗೋವಾ ಬಿಟ್ಟಿತ್ತು.

"ಹಾಗಾದ್ರೆ ನಾವು ಯಾರು?" ಎಂದ ಕಿಶನ. ಹತ್ತು ವರ್ಷ ಬೈದು, ಹೊಗಳಿ, ಕೊಂಡು, ಮಾರಿ ಬೆಳೆಸಿದ ತಂಡವನ್ನು ಯಾರೋ ಇವರನ್ನು ಒಂದು ಮಾತೂ ಕೇಳದೆ ಮಾರಿಬಿಟ್ಟಿದ್ದರು.

ಹೆಗಡೇರು ಮೆಲ್ಲಗೆ ಕನ್ನಡಕ ಒರೆಸಿಕೊಂಡರು. "ದೇವರಿಗೆ ಪ್ರಶ್ನೆ ಕೇಳಿದವ ಯಾರು?"

ಎಲ್ಲರ ಕಣ್ಣೂ ಗಿರಿಧರನ ಮೇಲೆ ಬಿತ್ತು.

"ಕ್ಲಬ್ಬು ಇರ್ತದೋ ಹೋಗ್ತದೋ ಅಂತ ಮೊದಲು ಕೇಳಬೇಕಿತ್ತು," ಎಂದರು ಹೆಗಡೇರು ನೋವಿನಿಂದ. "ಬುಡ ಬಿಟ್ಟು ಟೊಂಗೆಯ ಸುದ್ದಿ ಕೇಳಿದೆ ನೀನು. ಇನ್ನು ಈ ಅಂಗಿ ಹಾಕಿಕೊಂಡು ನಾವು ಯಾರಿಗೆ ಚಪ್ಪಾಳೆ ತಟ್ಟೂದು, ಗುಜರಾತಿಗಾ?"

ಒಬ್ಬೊಬ್ಬರಾಗಿ ಕೊಡೆ ಬಿಚ್ಚಿ ಹೊರಟುಹೋದರು. ಹಗ್ಗದ ಮೇಲೆ ಗಿಳಿಹಸಿರು ಅಂಗಿಗಳು ಸಾಲಾಗಿ ನೇತಾಡುತ್ತಿದ್ದವು. ಯೋಗಿತಾ ಅಳತೆಯ ಟೇಪು ತೆಗೆದಳು. ಅವಳು ಬಾಯಿ ಬಿಟ್ಟು ಬೈದಿದ್ದರೆ ಗಿರಿಧರನಿಗೆ ಸಮಾಧಾನವಿತ್ತು.

ಆಗ ಅವನಿಗೆ ಮಧ್ಯಾಹ್ನದ ಅವಳ ಮಾತೂ ನಾಗ ಗುನಗನ ಮಾತೂ ಒಟ್ಟಿಗೆ ನೆನಪಾಯಿತು. ಬೇರೆ ಪ್ರಶ್ನೆ ಇದ್ದರೆ ಬನ್ನಿ. ಕಾಯಿ ತಕ್ಕೊಂಡು ಬನ್ನಿ.

"ಈಗ ಬಂದೆ," ಎಂದವನೇ ಓಡಿದ.

ನಾಗ ದೀಪ ಹಚ್ಚುತ್ತಿದ್ದ. ಈ ಸಲ ಗಿರಿಧರ ದಾರಿಯುದ್ದಕ್ಕೂ ಯೋಚಿಸಿ ಪ್ರಶ್ನೆಯನ್ನು ಟೇಲರನ ಹಾಗೆ ಅಳತೆ ಮಾಡಿ ಕತ್ತರಿಸಿ ತಂದಿದ್ದ. ಎಲ್ಲೂ ಸಡಿಲು ಇರಬಾರದು. "ಜಟಗಪ್ಪಾ, ನನ್ನ ಅಂಗಡಿಯ ಹಸಿರು ಅಂಗಿ ಅಷ್ಟನ್ನೂ, ಒಂದೂ ಬಿಡದೆ, ಈ ಬಳಗದವರೇ ತಕಂಡು ಹೋಗ್ತರು ಅಂತಾದ್ರೆ ಬಲ ಕೊಡು."

ಇದು ಗಂಗಾವಳಿಯ ಈಚಿನ ಸುದ್ದಿ. ಎಸಳು ಅಂಟಿಸಿದ ಕೈ ತೆಗೆಯುವ ಮೊದಲೇ ಬಲಕ್ಕೆ ಬಿತ್ತು.

"ಇಷ್ಟು ಬೇಗ ಕೊಟ್ಟದ್ದು ನಾನು ಕಂಡಿಲ್ಲ," ಎಂದ ನಾಗ.

ಗಿರಿಧರ ಹೊಸ ಎಸಳನ್ನು ಕಿವಿಗೆ ಸಿಕ್ಕಿಸಿಕೊಂಡು ಮಳೆಯಲ್ಲೇ ಮರಳಿ ಓಡಿದ. ಓಣಿಯ ತಿರುವಿನಿಂದಲೇ ಕಂಡಿತು: ಅಂಗಡಿಯ ಹಗ್ಗ ಬರಿದಾಗಿತ್ತು! ಒಂದು ಅಂಗಿಯೂ ಇರಲಿಲ್ಲ. ಅವನು ಅಲ್ಲೇ ಬೀದಿಯಲ್ಲಿ ನಿಂತು ಮಂಜಗುಣಿ ದಿಕ್ಕಿಗೆ ಕೈಮುಗಿದ. ಆಮೇಲೆ ಅಂಗಡಿಯ ಜಗಲಿ ಕಂಡಿತು. ಅಲ್ಲಿ ಪ್ರಿಂಟಿಂಗ್ ಮಶೀನು ತಾಡಪಾಲು ಹೊದ್ದು ಕುಳಿತಿತ್ತು, ಬೈತಖೋಲದ ಬೋಟಿನ ಹಾಗೆ.

"ಅಂಗಿ ಎಲ್ಲಿ?"

"ತಕಂಡು ಹೋದ್ರು," ಎಂದಳು ಯೋಗಿತಾ. ಖಾಲಿ ಜಾಗದಲ್ಲಿ ಕುಕ್ಕರಗಾಲಲ್ಲಿ ಕುಳಿತು ನೆಲ ಅಳೆಯುತ್ತಿದ್ದಳು.

"ಎಲ್ಲಾ?"

"ಎಲ್ಲಾ."

"ನೋಡ್ದ್ಯಾ! ದೇವರು ಈಗಷ್ಟೇ ಹೇಳಿದ! ಮತ್ತೆ ಮಶೀನ್ ಎಂತಕ್ಕೆ ಹೊರಗಿಟ್ಟೆ? ಅದು ಇರ್ಲಿ, ದುಡ್ಡು ಎಷ್ಟು ಕೊಟ್ರು?"

ಯೋಗಿತಾ ಟೇಪು ಸುತ್ತಿದಳು. "ನೀವು ಆ ಕಡೆ ಹೋದ್ರಿ, ಹೆಗಡೇರು ಈ ಕಡೆ ಬಂದ್ರು. ಕ್ಲಬ್ಬು ಸತ್ತಿದೆ, ಈಗಿಂದೀಗ ಬಸ್‌ಸ್ಟ್ಯಾಂಡಿನಿಂದ ಶೋಕದ ಮೆರವಣಿಗೆ ಹೊರಡಿಸ್ತೇವೆ, ಕಾರವಾರದವರು ಹೊರಡಿಸೂದರೊಳಗೆ ನಾವು ಹೊರಡಿಸ್ಬೇಕು, ಎಲ್ಲರೂ ಅಂಗಿ ಹಾಕ್ಲೇಬೇಕು ಅಂದ್ರು. ನಾನು ದುಡ್ಡು ಕೇಳಿದೆ. 'ಸೂತಕದ ಮನೇಲಿ ಬಿಲ್ಲು ಕೇಳ್ತ್ಯಾ ತಂಗಿ?' ಅಂದ್ರು. ಕಿಶನ ಕಣ್ಣೀರು ಒರೆಸ್ಕಂಡ. ಕಣ್ಣೀರು ಹಾಕೂರ ಹತ್ರ ಎಷ್ಟು ಅಂತ ಜಗಳ ಮಾಡೂದು? ಸರಿ, ಪುಕ್ಕಟೆ ಹೊರೂರು ಇದನ್ನೂ ಹೊತ್ತು ಹೊರಗಿಡಿ ಅಂದೆ. ನಾಲ್ಕು ಜನ ಹೆಗಲು ಕೊಟ್ರು."

"ಪುಕ್ಕಟೆ?" ಗಿರಿಧರ ಕುಸಿದು ಸ್ಟೂಲಿನ ಮೇಲೆ ಕುಳಿತ. "ಮತ್ತೆ ದೇವರು ಬಲ ಕೊಟ್ಟದ್ದು?"

"ನೀವು ಎಂತ ಕೇಳಿದ್ರಿ?"

"ಒಂದೂ ಬಿಡದೆ ತಕಂಡು ಹೋಗ್ತರೋ ಅಂತ."

"ದುಡ್ಡಿನ ಮಾತು ತೆಗೆದ್ರಾ?"

ಗಿರಿಧರ ಕಿವಿಯ ಎಸಳನ್ನು ಮುಟ್ಟಿ ನೋಡಿಕೊಂಡ.

ಬಾಗಿಲಲ್ಲಿ ಕಿಶನನ ತಲೆ ಕಂಡಿತು. "ಗಿರಿಯಣ್ಣಾ, ಬಂದ್ಯಾ? ಒಂದು ಕೆಲಸ ಆಗ್ಬೇಕಾಗಿತ್ತು. ಹೆಗಡೇರು ಎಲ್ಲರಿಗೂ ಹಂಚಿ ಕಡೆಗೆ ಅವರಿಗೇ ಅಂಗಿ ಇಲ್ಲ. ಒಂದು ಕಮ್ಮಿ ಬಿತ್ತು ಮಾರಾಯಾ. ಅಧ್ಯಕ್ಷರೇ ಬಿಳಿ ಅಂಗಿಯಲ್ಲಿ ಮುಂದೆ ನಿಂತ್ರೆ ಕಾರವಾರದವರು ನಗ್ತರು." ಅವನ ಕಣ್ಣು ಗಿರಿಧರನ ಮೈಮೇಲೆ ನಿಂತಿತು. "ಇದು ಆಗ್ತದೆ. ಒದ್ದೆ ಆದ್ರೂ ಅಡ್ಡಿಲ್ಲ, ಹೇಗೂ ಮಳೆ."

ಗಿರಿಧರ ಎರಡು ಕೈ ಮೇಲೆತ್ತಿದ. ಕಿಶನ ಅಂಗಿಯನ್ನು ತಲೆಯ ಮೇಲಿನಿಂದ ಕಳಚಿಕೊಂಡು ಓಡಿದ.

ಸ್ವಲ್ಪ ಹೊತ್ತಿಗೆ ಮೆರವಣಿಗೆ ಓಣಿಯ ಬಾಯಿಗೆ ಬಂತು. ಗಿಳಿಗಳ ಹಿಂಡು ದಾರಿ ತಪ್ಪಿ ಬಂದಂತಿತ್ತು. "ರೊಜಾರಿಯೊ ಅಮರ್ ರಹೇ" ಎಂದು ಕೂಗುತ್ತಿದ್ದರು, ಅವನು ಬ್ರಾಜಿಲಿನಲ್ಲಿ ಸುಖವಾಗಿದ್ದ. ಎಲ್ಲರ ಮುಂದೆ ಎದೆಯುಬ್ಬಿಸಿ ಮಧುಕೇಶ್ವರ ಹೆಗಡೇರು ನಡೆಯುತ್ತಿದ್ದರು. ಅವರ ಬೆನ್ನ ಮೇಲೆ ದೊಡ್ಡದಾಗಿ 9, ಅದರ ಮೇಲೆ 'ಜಾರಿ'. ಹಿಂದಿದ್ದವರು ಓದಿದರು. ಅಧ್ಯಕ್ಷರಿಗೆ ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಗಿರಿಧರ ಬನಿಯನ್ನಿನಲ್ಲಿ ಬಾಗಿಲಿಗೆ ಒರಗಿ ನಿಂತಿದ್ದ. ಅಷ್ಟನ್ನೂ, ಒಂದೂ ಬಿಡದೆ. ಜಟಗ ಮಾತಿಗೆ ತಪ್ಪಿರಲಿಲ್ಲ.

ಯೋಗಿತಾ ಬಂದು ಅವನ ಕಿವಿಯಿಂದ ಸಿಂಗಾರದ ಎಸಳನ್ನು ಮೆಲ್ಲಗೆ ತೆಗೆದಳು. "ಬಲಪ್ರಸಾದ ಅಲ್ವಾ? ಹಾಳು ಮಾಡೂಕಾಗ," ಎಂದು ತನ್ನ ಮುಡಿಗೆ ಸಿಕ್ಕಿಸಿಕೊಂಡು, ಜಿಗ್‌ಜಾಗ್ ಮಶೀನಿಗೆ ಒಳ್ಳೆಯ ಬೆಳಕು ಎಲ್ಲಿ ಬೀಳುತ್ತದೆ ಎಂದು ನೋಡಲು ಒಳಗೆ ಹೋದಳು.